ಮೂರನೆಯ ಮೆಟ್ಟಿಲು

ಕೆಳಗಿನಿಂದ ಎಣಿಸಿದರೆ ಮೂರನೆಯ ಮೆಟ್ಟಿಲು ಏಳೂವರೆ ಇಂಚು ಎತ್ತರ. ಉಳಿದ ಹದಿನಾರೂ ಏಳೇ ಇಂಚು. ಅಳತೆ ಸರಿಯಾಗಿದೆ, ಎರಡು ಸಲ ಟೇಪು ಹಿಡಿದು ನೋಡಿದ್ದೇನೆ. ಟೇಪಿಗಿಂತ ಮೊದಲು ಅಳೆದುಕೊಟ್ಟದ್ದು ನನ್ನ ಎಡಗಾಲಿನ ಹೆಬ್ಬೆರಳು.

ನಾನು ಎಡವಿದ ಸದ್ದು ಅಂಥ ದೊಡ್ಡದೇನಲ್ಲ. ಆದರೂ ಮೊದಲ ಮಹಡಿಯ ತೆರೆದ ಬಾಗಿಲೊಳಗಿಂದ ಹೆಂಗಸೊಬ್ಬಳ ದನಿ ತಣ್ಣಗೆ ಹೇಳಿತು: "ಯಾರೋ ಹೊಸಬರು ಬಂದಾರ ನೋಡ." ಯಾರಿಗೆ ಹೇಳಿದ್ದೋ ತಿಳಿಯಲಿಲ್ಲ. ಮೇಲೆ ಹೋಗಿ ನೋಡಿದರೆ ಒಳಗೆ ಆಕೆಯೊಬ್ಬಳೇ ಇದ್ದಳು, ಮೊರದ ತುಂಬ ಬೀಡಿ ಎಲೆ ಹರವಿಕೊಂಡು, ಕತ್ತರಿ ಕೈಯಲ್ಲಿ ಹಿಡಿದು. ನನ್ನ ಮುಖ ನೋಡಿ ಸಮಾಧಾನ ಮಾಡಿದಳು. "ಇರ್ಲಿ ಬರ್ರಿ. ಮೊದಲನೇ ಸಲ ಎಲ್ಲಾರೂ ಆ ಪಾವಟಿಗಿಗೆ ನಮಸ್ಕಾರ ಮಾಡೇ ಬರ್ತಾರ."

ಆಕೆ ಕಾಶೀಬಾಯಿ. ಆ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಬಾಡಿಗೆಗಿದ್ದವಳು. ನಾನು ಆ ಕಟ್ಟಡವನ್ನು ಕೊಳ್ಳಬಹುದೋ ಬಾರದೋ ಎಂದು ಪರೀಕ್ಷೆ ಮಾಡಲು ಹೋಗಿದ್ದವಳು. ಪರೀಕ್ಷಕಿ ಬಾಗಿಲಲ್ಲೇ ಎಡವಿದ್ದರಿಂದ ಮೊದಲ ಅಂಕ ಕಟ್ಟಡಕ್ಕೇ ಹೋಯಿತು.

ಕೊಳ್ಳುವವಳು ನಾನಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಕೊಳ್ಳುವವಳು ನನ್ನ ಸೋದರತ್ತೆ, ಶಾಂತತ್ತೆ. ಅಕ್ಕಲಕೋಟೆಯ ಸುತ್ತಲಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ನರ್ಸಾಗಿದ್ದು, ಹೋದ ವರ್ಷ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಇಡೀ ಜೀವನ ಸರಕಾರಿ ಕ್ವಾರ್ಟರ್ಸಿನಲ್ಲಿ ಕಳೆದಿದ್ದರಿಂದ ಸ್ವಂತದ್ದು ಎನ್ನುವ ಒಂದು ಗೋಡೆಯೂ ಇರಲಿಲ್ಲ. ನಿವೃತ್ತಿಯ ದಿನ ಕೈಗೆ ಬಂದ ದುಡ್ಡು ಒಮ್ಮೆ ಬಂದದ್ದು, ಇನ್ನೊಮ್ಮೆ ಬರುವಂಥದ್ದಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಆ ದುಡ್ಡಿನ ಬಗ್ಗೆ ಒಂದೊಂದು ಅಭಿಪ್ರಾಯವಿತ್ತು. ಅಪ್ಪ ಬ್ಯಾಂಕಿನಲ್ಲಿಡು ಎಂದರು. ಚಿಕ್ಕಪ್ಪ ಬಂಗಾರ ಎಂದರು. ಓಣಿಯ ಹಿರಿಯರೊಬ್ಬರು, ಅಕ್ಕಲಕೋಟೆಯಲ್ಲೇ ನಾಲ್ಕು ಖೋಲಿ ಕಟ್ಟಿಸಿ ದರ್ಶನಕ್ಕೆ ಬರುವ ಭಕ್ತರಿಗೆ ದಿನದ ಬಾಡಿಗೆಗೆ ಕೊಡು, ದೇವರ ಊರಿನಲ್ಲಿ ಗಿರಾಕಿಗೆ ಬರವಿಲ್ಲ ಎಂದರು. ಅತ್ತೆ ಕೈ ಮುಗಿದಳು. "ದಿನಾ ಹೊಸಾ ಮುಖ ಬ್ಯಾಡ್ರಿ ನನಗ. ಮೂವತ್ತ ವರ್ಷ ಅದನ್ನೇ ಮಾಡೀನಿ. ಇನ್ನ ನೋಡಿದ ಮುಖಾನೇ ಮತ್ತ ಮತ್ತ ನೋಡಬೇಕು."

ಹಾಗೆ ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಮೇಲೆ, ಎಂಐಡಿಸಿಯ ಕಾರ್ಖಾನೆಗಳಿಗೆ ಹತ್ತು ನಿಮಿಷದ ದಾರಿಯಲ್ಲಿ, ಮೂರು ಅಂತಸ್ತಿನ, ಆರು ಮನೆಗಳ ಈ ಕಟ್ಟಡ ಮಾರಾಟಕ್ಕಿದೆ ಎಂದು ಗೊತ್ತಾದಾಗ ಅತ್ತೆ ನನ್ನನ್ನು ಕರೆದಳು. "ನೀ ಲೆಕ್ಕ ನೋಡು. ನಾ ಮಂದೀನ್ನ ನೋಡ್ತೀನಿ." ನಾನು ಟವೆಲ್ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ನೋಡುವವಳು. ನೂರು ಟವೆಲಿನಲ್ಲಿ ಐದನ್ನು ಎತ್ತಿ, ಉದ್ದ, ಅಗಲ, ತೂಕ ನೋಡಿ, ಉಳಿದ ತೊಂಬತ್ತೈದರ ಬಗ್ಗೆ ಧೈರ್ಯವಾಗಿ ಸಹಿ ಹಾಕುವುದು ನನ್ನ ಕೆಲಸ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದು ಈ ಧೈರ್ಯಕ್ಕಾಗಿಯೇ. ಆದರೆ ಕಟ್ಟಡ ಒಂದೇ, ಅತ್ತೆ ಒಬ್ಬಳೇ. ನಾನು ತಪ್ಪಿದರೆ ಅವಳ ಮೂವತ್ತು ವರ್ಷ ಹೋಗುತ್ತದೆ. ಒಂದೇ ಒಂದು ಟವೆಲಿರುವಾಗ ಯಾವುದನ್ನು ಎತ್ತಿ ನೋಡಬೇಕು ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಗೊತ್ತಿಲ್ಲದ್ದನ್ನು ಮುಚ್ಚಿಕೊಳ್ಳಲು ಓದಿದವರ ಬಳಿ ಒಂದು ಉಪಾಯವಿದೆ: ಪಟ್ಟಿ ಮಾಡುವುದು. ನನ್ನ ಪಟ್ಟಿಯಲ್ಲಿ ಮೂವತ್ತೆರಡು ಸಾಲುಗಳಿದ್ದವು. ಗೋಡೆಯ ಬಿರುಕು, ತಾರಸಿಯ ಮೇಲೆ ನೀರು ನಿಲ್ಲುತ್ತದೆಯೇ, ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು, ಮೀಟರು ಬೇರೆ ಬೇರೆಯೇ, ಒಂದು ಮನೆ ಖಾಲಿಯಾದರೆ ಮತ್ತೆ ತುಂಬಲು ಎಷ್ಟು ತಿಂಗಳು, ಇತ್ಯಾದಿ. ಇಪ್ಪತ್ತೊಂಬತ್ತನೆಯ ಸಾಲಿನಲ್ಲಿ "ದುರಸ್ತಿ" ಎಂಬ ತಲೆಬರಹದಡಿ ಅಂದಿನ ದಿನವೇ ಬರೆದುಕೊಂಡೆ: ಮೂರನೆಯ ಮೆಟ್ಟಿಲು, ಅರ್ಧ ಇಂಚು ಕೆತ್ತಿಸುವುದು.

ಬರೆಯುವಾಗ ನನಗೆ ಸ್ವಲ್ಪ ನಗು ಬಂತು. ಯಾಕೆಂದರೆ ನಮ್ಮ ಮನೆತನದಲ್ಲಿ ಈ ಪರೀಕ್ಷೆ ಯಾವಾಗಲೂ ತಿರುಗುಮುರುಗು ನಡೆದದ್ದು. ನಮ್ಮ ಹಳ್ಳಿ ಹನ್ನೂರಿನಿಂದ ಅಪ್ಪ ಮಗ್ಗದ ಕೆಲಸಕ್ಕೆ ಸೊಲ್ಲಾಪುರಕ್ಕೆ ಬಂದ ಮೇಲೆ ನಾವು ಏಳು ಬಾಡಿಗೆ ಮನೆ ಬದಲಿಸಿದ್ದೇವೆ. ಏಳೂ ಕಡೆ ಮನೆಯನ್ನು ನಾವು ನೋಡುವ ಮೊದಲು ಮಾಲಕರು ನಮ್ಮನ್ನು ನೋಡಿದರು. ಎಷ್ಟು ಮಂದಿ, ಎಷ್ಟು ಕೊಡ ನೀರು, ನೆಂಟರು ಬಂದರೆ ಎಷ್ಟು ದಿನ. ಬೇರೆ ಕಡೆ ಕೆಲವರು ಅಡ್ಡಹೆಸರು ಕೇಳಿ ಜಾತಿ ತಿಳಿದುಕೊಂಡು, ಖೋಲಿ ನಿನ್ನೆಯೇ ಹೋಯಿತು ಎಂದರು; ಆ ಖೋಲಿಯ ಬಾಗಿಲಿಗೆ ಮುಂದಿನ ತಿಂಗಳೂ ಕೀಲಿ ಹಾಗೇ ಇರುತ್ತಿತ್ತು. ಒಬ್ಬ ಮಾಲಕಿಯಂತೂ ಚಪ್ಪಲಿಯನ್ನು ಕೆಳಗೇ ಬಿಟ್ಟು ಬರಿಗಾಲಲ್ಲಿ ಮೇಲೆ ಬರುತ್ತಿದ್ದಳು. ಸದ್ದೇ ಇಲ್ಲ. ಅವ್ವ ತಲೆಗೂದಲು ಬಿಚ್ಚಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದರೆ, ಹಿಂದೆ ಮಾಲಕಿ ನಿಂತು ಒಲೆಯ ಬದಿಯ ರೊಟ್ಟಿ ಎಣಿಸುತ್ತಿದ್ದಳು. ಅವ್ವ ತಿರುಗಿ ನೋಡಿ ಬೆಚ್ಚುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ನನಗೆ ಬಾಗಿಲು ಮುಚ್ಚಿಕೊಂಡು ಓದುವ ಚಟ ಹತ್ತಿದ್ದು ಆ ಮನೆಯಲ್ಲೇ.

ಮೆಟ್ಟಿಲಿಗೆ ಬರುತ್ತೇನೆ. ಮೆಟ್ಟಿಲು ಹತ್ತುವಾಗ ನಾವು ನೋಡುವುದು ಮೊದಲ ಎರಡನ್ನು ಮಾತ್ರವಂತೆ. ಆಮೇಲಿನದು ಕಾಲಿಗೆ ಬಿಟ್ಟ ವಿಷಯ. ಎರಡರ ಎತ್ತರವನ್ನು ಕಾಲು ನೆನಪಿಟ್ಟುಕೊಂಡು ಉಳಿದವೂ ಅಷ್ಟೇ ಇರುತ್ತವೆ ಎಂದು ನಂಬುತ್ತದೆ. ನಮ್ಮ ಟವೆಲಿನ ಲೆಕ್ಕವೇ ಇದು! ಹಳೆಯ ಕೋಟೆಗಳಲ್ಲಿ ಬೇಕೆಂದೇ ಮೆಟ್ಟಿಲುಗಳನ್ನು ಹೆಚ್ಚುಕಡಿಮೆ ಮಾಡುತ್ತಿದ್ದರು, ಒಳಗಿನವರಿಗೆ ರೂಢಿಯಾಗಿರುತ್ತದೆ, ನುಗ್ಗಿ ಬಂದ ಶತ್ರು ಮುಗ್ಗರಿಸುತ್ತಾನೆ ಎಂದು ಶಾಲೆಯ ಪ್ರವಾಸದಲ್ಲಿ ಗುರುಗಳು ಹೇಳಿದ್ದರು. ನಿಜವೋ, ನಮ್ಮನ್ನು ಸಾಲಿನಲ್ಲಿ ನಿಧಾನ ನಡೆಸಲು ಕಟ್ಟಿದ ಮಾತೋ ತಿಳಿಯದು. ಆದರೆ ಅರ್ಧ ಇಂಚಿಗೆ ಎಂಥ ಶಕ್ತಿಯಿದೆ ಎಂದು ಮುಂದಿನ ಭಾನುವಾರ ಗೊತ್ತಾಯಿತು.

ಆ ಭಾನುವಾರ ಅತ್ತೆ ಅಕ್ಕಲಕೋಟೆಯಿಂದ ಬೆಳಗಿನ ಬಸ್ಸಿಗೆ ಬಂದಳು. ಕಟ್ಟಡದ ಮಾಲಕರು ಶಿವಪ್ಪ ಕಾಕಾ, ಎಪ್ಪತ್ತು ದಾಟಿದವರು. ಮೊಣಕಾಲು ಹಿಡಿದುಕೊಂಡು ಕೆಳಗೆ ಕುರ್ಚಿ ಹಾಕಿ ಕುಳಿತಿದ್ದರು. ತಾವೇ ಕಟ್ಟಿಸಿದ ಮನೆಯನ್ನು ಹತ್ತಲಾಗದೆ ಮಾರುತ್ತಿದ್ದರು. ಇನ್ನು ಪುಣೆಯಲ್ಲಿ ಮಗಳ ಹತ್ತಿರ ಇರುವ ವಿಚಾರ. "ಆರಕ್ಕ ಆರೂ ಫುಲ್ ಅವರಿ. ನೀವ ಹೋಗಿ ಮಂದೀನ್ನ ಮಾತಾಡಸ್ರಿ," ಎಂದರು.

ನಾನು ಅತ್ತೆಗೆ ಮೊದಲೇ ಹೇಳಿದ್ದರಿಂದ ಅವಳು ಸೀರೆ ಎತ್ತಿ ಹಿಡಿದು ಮೂರನೆಯ ಮೆಟ್ಟಿಲನ್ನು ಹಳ್ಳ ದಾಟಿದಂತೆ ದಾಟಿದಳು. ಕೆಳಗಿನ ಎರಡು ಮನೆ, ಮೊದಲ ಮಹಡಿಯ ಎರಡು ಮನೆ ನೋಡಿಯಾಯಿತು. ನಾನು ಗೋಡೆ ತಟ್ಟಿ, ನಳ ತಿರುಗಿಸಿ, ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದೆ. ಅತ್ತೆ ಒಂದು ಪ್ರಶ್ನೆಯನ್ನೂ ಕೇಳದೆ ಎಲ್ಲರ ಮನೆಯಲ್ಲೂ ಐದೈದು ನಿಮಿಷ ಕೂತು ಎದ್ದಳು. ಕಾಶೀಬಾಯಿಯ ಮನೆಯಲ್ಲಿ ಹತ್ತು ನಿಮಿಷ.

ಎರಡನೆಯ ಮಹಡಿಯಲ್ಲಿ ಒಂದು ಬಾಗಿಲು ತೆರೆದಿತ್ತು, ಇನ್ನೊಂದು ಮುಚ್ಚಿತ್ತು. ತೆರೆದ ಮನೆಯ ಹೆಂಗಸು ಸುರೇಖಾ, ಹೊಸ ಸೀರೆ ಉಟ್ಟು ನಮ್ಮನ್ನೇ ಕಾಯುತ್ತಿದ್ದವಳಂತೆ ಹೊರಗೆ ಬಂದಳು. ಮುಚ್ಚಿದ ಬಾಗಿಲ ಕಡೆ ನಾನು ಕೈ ಚಾಚಿದಾಗ ತುಟಿಯ ಮೇಲೆ ಬೆರಳಿಟ್ಟಳು. "ಹಗೂರಕ, ಹಗೂರಕ. ಅವ್ರು ನೈಟ್ ಶಿಫ್ಟ್ ಮಾಡಿ ಬಂದ ಮಲಗ್ಯಾರ್ರಿ."

ಅತ್ತೆ ನರ್ಸು. ಮಲಗಿದವರನ್ನು ಎಬ್ಬಿಸುವುದು ಅವಳ ಧರ್ಮದಲ್ಲಿಲ್ಲ. ಚಪ್ಪಲಿ ಕೈಗೆ ತೆಗೆದುಕೊಂಡು ತುದಿಗಾಲಲ್ಲಿ ಆ ಬಾಗಿಲನ್ನು ದಾಟಿದಳು. ಅವಳ ಹಿಂದೆ ನಾನೂ, ಪೆನ್ನಿನ ಸದ್ದು ಕೂಡ ಆಗದಂತೆ, ಪಟ್ಟಿಯಲ್ಲಿ "ಆರನೆಯ ಮನೆ: ಬಾಡಿಗೆದಾರರು ಕಷ್ಟಪಟ್ಟು ದುಡಿಯುವವರು" ಎಂದು ಬರೆದುಕೊಂಡು ನಡೆದೆ.

ಸುರೇಖಾ ನಾವು ಕೂತ ಕೂಡಲೇ ಗಂಡನನ್ನು ಹಾಲು ತರಲು ಅಟ್ಟಿದಳು. ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಎಂದು ಕೇಳಿದೆ. "ಆರ ವರ್ಷ ಆತ್ರಿ. ಭಾಳ ಛಲೋ ಅದ. ಮಾಲಕ್ರಂತೂ ದೇವರು." ಪಟ್ಟಿಯಲ್ಲಿ ಸ್ಥಿರತೆ ಎಂಬ ಸಾಲಿಗೆ ಪೂರ್ತಿ ಅಂಕ ಕೊಟ್ಟೆ. ಅಷ್ಟರಲ್ಲಿ ಕೆಳಗಿನಿಂದ ದಡ್ ಎಂಬ ಸದ್ದು, ಬೆನ್ನಿಗೇ ಒಂದು ಒದ್ದೆ ಸದ್ದು. ಅದರ ಬೆನ್ನಿಗೆ ಮೊದಲ ಮಹಡಿಯಿಂದ ಕಾಶೀಬಾಯಿಯ ತಣ್ಣನೆಯ ದನಿ: "ಯಾರೋ ಹೊಸಬರು ಬಂದಾರ ನೋಡ."

ಬಂದವನು ಸುರೇಖಾಳ ಗಂಡ. ಅವನ ಮೊಣಕಾಲಿನ ಮೇಲೆಲ್ಲ ಹಾಲು. ಆರು ವರ್ಷದಿಂದ ದಿನಕ್ಕೆ ನಾಲ್ಕು ಸಲ ಆ ಮೆಟ್ಟಿಲು ಹತ್ತಿ ಇಳಿದಿರಬೇಕಾದ ಮನುಷ್ಯ.

ನನ್ನ ಪೆನ್ನು ನಿಂತಿತು. ನಾನು ಮಾತು ಕಡಿಮೆಯವಳು, ಎದುರಿಗೆ ಏನನ್ನೂ ಕೇಳುವವಳಲ್ಲ. ಆದರೆ ಒಳಗೆ ಎಂಥ ಸಂಭ್ರಮವಾಯಿತೆಂದರೆ, ಕಾರ್ಖಾನೆಯಲ್ಲಿ ಕೆಟ್ಟ ಟವೆಲುಗಳ ಗಂಟೊಂದನ್ನು ನಾನೊಬ್ಬಳೇ ಹಿಡಿದಾಗಲೂ ಅಷ್ಟು ಆಗಿರಲಿಲ್ಲ. ಉಳಿದ ಅರ್ಧ ಹಾಲಿನಲ್ಲಿ ಮಾಡಿದ ಚಹಾ ಕುಡಿದು, ಮೆಟ್ಟಿಲಿಳಿಯುವಾಗ ನಡುವೆ ಅತ್ತೆಯ ಸೆರಗು ಹಿಡಿದು ನಿಲ್ಲಿಸಿ, ನನ್ನ ಸಂಶೋಧನೆಯನ್ನು ಪಿಸುಗುಟ್ಟಿದೆ. ಇವರು ಇಲ್ಲಿಯವರಲ್ಲ. ಮೆಟ್ಟಿಲು ಗೊತ್ತಿಲ್ಲ. ಇದು ಪುರಾವೆ.

ಅತ್ತೆ ಪೂರ್ತಿ ಕೇಳಿಸಿಕೊಂಡಳು. "ಆಕಿ ಸಕ್ರಿ ಡಬ್ಬಿ ಹುಡಕಾಕ ನಾಕ ಡಬ್ಬಿ ಬಿಚ್ಚಿದ್ಳು. ನೀ ನೋಡ್ಲಿಲ್ಲೇನ?" ಎಂದಳು. "ಕಡೀಕ ಚೀಲದಾಗಿನ ಹೊಸಾ ಪುಡಿಕಿ ಬಿಚ್ಚಿ ಹಾಕಿದ್ಳು. ಯಾರ ಮನ್ಯಾಗ ಸಕ್ರಿ ಎಲ್ಲಿ ಇರ್ತದ ಅಂತ ಆ ಮನಿ ಹೆಂಗ್ಸಿಗೇ ಗೊತ್ತಿಲ್ಲಂದ್ರ ಅದು ಆಕಿ ಮನಿ ಅಲ್ಲವ್ವ."

ಪಟ್ಟಿಯಲ್ಲಿ ಮೂವತ್ತೆರಡು ಸಾಲಿದ್ದವು. ಸಕ್ಕರೆಯ ಡಬ್ಬಿ ಯಾವುದರಲ್ಲೂ ಇರಲಿಲ್ಲ.

"ಹಂಗಾದ್ರ ಮಲಗಿದವ್ರು?" ಎಂದೆ.

ಅತ್ತೆ ಯೋಚಿಸಿದಳು. ಆಮೇಲೆ ಅವಳಿಗೆ ನಗು ಬಂತು. ಮೊದಲು ಹೊಟ್ಟೆಯಲ್ಲಿ, ಆಮೇಲೆ ಭುಜದಲ್ಲಿ, ಕೊನೆಗೆ ಕಣ್ಣಲ್ಲಿ. ಚಪ್ಪಲಿ ಹಿಡಿದು ತುದಿಗಾಲಲ್ಲಿ ನಡೆದದ್ದು ಇಬ್ಬರಿಗೂ ಒಟ್ಟಿಗೇ ನೆನಪಾಗಿತ್ತು. ಮೆಟ್ಟಿಲ ಮೇಲೆಯೇ ಕೂತುಬಿಟ್ಟೆವು. ಕಾಶೀಬಾಯಿ ಬಾಗಿಲಿಗೆ ಬಂದು ನಮ್ಮನ್ನು ನೋಡಿ, ತಾನೂ ಸೆರಗು ಬಾಯಿಗೆ ಒತ್ತಿಕೊಂಡಳು. ನಾವೇನೂ ಹೇಳಿರಲಿಲ್ಲ. "ನನ್ನ ಏನೂ ಕೇಳಬ್ಯಾಡ್ರಿ," ಎಂದಳು. "ಮಾಲಕ್ರ ಉಪ್ಪ ತಿಂದೀನಿ. ನಾ ಪಾವಟಿಗಿ ಕಡೆ ನೋಡಿ ಹೇಳಿದ್ದಷ್ಟ."

ಅತ್ತೆ ಕೆಳಗೆ ಹೋಗಿ ಶಿವಪ್ಪ ಕಾಕಾರ ಎದುರು ಇನ್ನೊಂದು ಕುರ್ಚಿ ಎಳೆದುಕೊಂಡಳು. ಜ್ವರ ಎಷ್ಟು ದಿನದಿಂದ ಎಂದು ಕೇಳುವ ದನಿಯಲ್ಲಿ ಕೇಳಿದಳು: "ಕಾಕಾ, ಮ್ಯಾಲಿನ ಎರಡೂ ಎಷ್ಟ ದಿವಸದಿಂದ ಖಾಲಿ ಅವ?"

ಕಾಕಾ ನೆಲ ನೋಡಿದರು. ನೆಲದಿಂದ ತಮ್ಮ ಕೋಲನ್ನು ನೋಡಿದರು. "ಎಂಟ ತಿಂಗಳಾತವ್ವ," ಎಂದರು. "ಖಾಲಿ ಖೋಲಿ ತೋರ್ಸಿದ್ರ ಮಂದಿ ರೇಟ ಇಳಿಸಿ ಕೇಳ್ತಾರ. ಅದಕ್ಕ ನಮ್ಮ ಷಡ್ಡಕನ ಮಗಳು ಅಳಿಯಾನ್ನ ಅಕ್ಕಲಕೋಟಿಂದ ಕರಸಿದ್ದೆ. ಊಟಾ ಹಾಕ್ತೀನಿ, ಒಂದ ದಿನ ಇರ್ರಿ ಅಂತ."

"ನಾವೂ ಅಕ್ಕಲಕೋಟಿಯವ್ರೇ. ಮೊದ್ಲ ಹೇಳಿದ್ರ ಒಂದ ಬಸ್ಸಿಗೇ ಬರ್ತಿದ್ವಿ."

ಕಾಕಾ ತಲೆಯೆತ್ತಿದರು. ಅತ್ತೆಯ ಮುಖದಲ್ಲಿ ಸಿಟ್ಟಿಲ್ಲದ್ದು ಕಂಡು ಇನ್ನಷ್ಟು ನಾಚಿದರು. "ಇನ್ನ ನೀವ ಇಳಿಸಿ ಕೇಳ್ತೀರೇನವ್ವ?"

"ಕೇಳ್ತೀನ್ರಿ. ಆದ್ರ ಊಟಾ ಆದ ಮ್ಯಾಲೆ."

ಊಟ ಆಯಿತು. ಸುರೇಖಾ ಕಟ್ಟಿಕೊಂಡು ಬಂದಿದ್ದ ಕಡಕ್ ರೊಟ್ಟಿ, ಕಾಶೀಬಾಯಿಯ ಮನೆಯ ಶೇಂಗಾ ಚಟ್ನಿ, ಕಾಕಾ ತರಿಸಿದ ಪಲ್ಯ, ಮೊಸರು. ಸತ್ಯ ಹೊರಬಿದ್ದ ಮೇಲೆ ಸುರೇಖಾ ಎಷ್ಟು ಹಗುರಾದಳೆಂದರೆ, ತಾನು ಬೆಳಗಿನಿಂದ ಬಾಯಿಪಾಠ ಮಾಡಿದ್ದನ್ನೆಲ್ಲ ನಮಗೆ ಒಪ್ಪಿಸಿದಳು: ನೀರು ಯಾವ ದಿನ, ಅಕ್ಕಪಕ್ಕದವರ ಹೆಸರೇನು, ಬಾಡಿಗೆ ಎಷ್ಟು. "ಎಲ್ಲಾ ಹೇಳಿಕೊಟ್ಟಿದ್ರು ಕಾಕಾ. ಪಾವಟಿಗಿ ಒಂದ ಹೇಳಿರ್ಲಿಲ್ಲ." ಕಾಕಾ ನಿಜವಾಗಿಯೂ ಆಶ್ಚರ್ಯಪಟ್ಟರು. "ನನಗ ಅದು ಲಕ್ಷದಾಗೇ ಬರ್ಲಿಲ್ಲ. ಅಲ್ಲಿ ಪಾವಟಿಗಿ ದೊಡ್ಡದದ ಅಂತನ ಮರ್ತಬಿಟ್ಟೀನಿ." ಅವರೇ ಕಟ್ಟಿಸಿದ್ದು, ಅವರ ಕಾಲು ಅದನ್ನು ಮೂವತ್ತು ವರ್ಷದಿಂದ ಬಲ್ಲದು. ಕಾಲಿಗೆ ಗೊತ್ತಿದ್ದನ್ನು ಅವರು ತಲೆಗೆ ಹೇಳಿರಲೇ ಇಲ್ಲ.

ಊಟದ ನಂತರ ಆರನೆಯ ಮನೆಯ ಬಾಗಿಲು ತೆರೆಸಿದೆವು. ಒಂದು ಕಸಬರಿಗೆ ಗೋಡೆಗೆ ಒರಗಿ ಗಾಢವಾಗಿ ಮಲಗಿತ್ತು. ಕಿಟಕಿಯಿಂದ ದೂರದ ಕಾರ್ಖಾನೆಗಳ ತಗಡಿನ ಚಾವಣಿಗಳೂ, ಅದರಾಚೆ ಅಕ್ಕಲಕೋಟೆಯ ಕಡೆ ಹೋಗುವ ರಸ್ತೆಯೂ ಕಾಣುತ್ತಿದ್ದವು. ಬೆಳಕು ನೆಲದ ಅರ್ಧದವರೆಗೆ ಬಂದಿತ್ತು. ಅತ್ತೆ ಕಿಟಕಿಯ ಹತ್ತಿರ ಬಹಳ ಹೊತ್ತು ನಿಂತಳು.

ನಾನು ಪಟ್ಟಿ ತೆಗೆದು ಗಂಭೀರವಾಗಿ ಹೇಳಿದೆ: ಆರರಲ್ಲಿ ಎರಡು ಖಾಲಿ, ಅಂದರೆ ಮೂರರಲ್ಲೊಂದು ಪಾಲು ನಷ್ಟ, ಇದು ಎಚ್ಚರಿಕೆಯ ಸಂಗತಿ. ಅತ್ತೆ ಕಿಟಕಿಯಿಂದ ತಿರುಗದೆಯೇ ಉತ್ತರ ಕೊಟ್ಟಳು. "ಎರಡಲ್ಲ, ಒಂದ. ಇದು ನನಗ." ಪಟ್ಟಿಯಲ್ಲಿ ಒಂದು ಹೊಸ ಸಾಲು ಸೇರಿಸಬೇಕಾಯಿತು. ಬಾಡಿಗೆದಾರರು: ಅತ್ತೆ. ಬಾಡಿಗೆ: ಸೊನ್ನೆ. ಸ್ಥಿರತೆ: ಪೂರ್ತಿ. "ಮತ್ತ ಆ ಇನ್ನೊಂದಕ್ಕ ಯಾರರ ಬರ್ಲಿ, ಅಡ್ಡಹೆಸರ ಕೇಳಬಾರ್ದು. ಸಕ್ರಿ ಡಬ್ಬಿ ಎಲ್ಲಿ ಇಡ್ತೀರಿ ಅಂತ ಕೇಳಿದ್ರ ಸಾಕು."

ನಾಲ್ಕು ಮನೆಯ ಮಂದಿ ವರ್ಷಗಟ್ಟಲೆ ಬಿಟ್ಟು ಹೋಗಿಲ್ಲ, ಗೋಡೆ ಒಣಗಿದೆ, ಮಾಲಕರಿಗೆ ಸುಳ್ಳು ಹೇಳಲು ಬರುವುದಿಲ್ಲ: ಅವಳ ಪಟ್ಟಿಯಲ್ಲಿ ಇಷ್ಟೇ ಇತ್ತು. ಮೂರನೆಯದನ್ನು ಅವಳು ಎಲ್ಲಕ್ಕಿಂತ ದೊಡ್ಡ ಭರವಸೆ ಎಂದು ಎಣಿಸಿದಳು. ದರ ಇಳಿಸಿ ಕೇಳಿದಳು, ಕಾಕಾ ಇಳಿಸಿದರು, ಇಬ್ಬರೂ ತಮ್ಮದೇ ಗೆಲುವೆಂದು ಚಹಾ ಕುಡಿದರು. ಕಾಗದಪತ್ರವನ್ನು ವಕೀಲರಿಗೆ ತೋರಿಸಿದೆ. ನನ್ನ ಪಟ್ಟಿಯ ಮೂವತ್ತೊಂದು ಸಾಲುಗಳು ಅವಳ ಮೂರು ಸಾಲುಗಳನ್ನೇ ಸುತ್ತಿ ಬಳಸಿ ಒಪ್ಪಿದವು.

ಇಪ್ಪತ್ತೊಂಬತ್ತನೆಯದೊಂದು ಉಳಿಯಿತು. ಹೊರಡುವ ಮುನ್ನ, ಗೌಂಡಿಯನ್ನು ಕರೆಸಿ ಆ ಮೆಟ್ಟಿಲನ್ನು ಅರ್ಧ ಇಂಚು ಕೆತ್ತಿಸೋಣವೇ ಎಂದು ಕಾಶೀಬಾಯಿಯನ್ನು ಕೇಳಿದೆ. ಒಳ್ಳೆಯ ಮಾಲಕರು ಹೀಗೆ ಕೇಳಬೇಕು ಎಂಬ ಭಾವನೆಯಿತ್ತು ನನಗೆ.

"ಅಯ್ಯ, ಅದನ್ನ ಮುಟ್ಟಬ್ಯಾಡ್ರಿ," ಎಂದಳು. "ಅದ ನಮ್ಮ ಗಂಟಿ. ಯಾರರ ಬಂದ್ರ ಮೊದ್ಲ ಅದ ಹೇಳ್ತದ. ಸೆರಗ ಸರಿ ಮಾಡ್ಕೊಳ್ಳಾಕ ಒಂದೀಟ ಹೊತ್ತ ಸಿಗ್ತದ. ಇನ್ನ ನಾವೆಲ್ಲಾ ಹದಿನಾಕ ವರ್ಷ ಕಾಲ ಎತ್ತಿ ಇಟ್ಟ ಮಂದಿ. ಈಗ ಅದನ್ನ ಸಮಾ ಮಾಡಿದ್ರ ನಾವ ಬೀಳ್ತೀವಿ."

ಕುರ್ಚಿಯ ಮೇಲಿಂದ ಕಾಕಾ ತಮ್ಮ ಕಡೆಯ ಸಾಕ್ಷಿ ಕೊಟ್ಟರು. ಎರಡು ಮೆಟ್ಟಿಲು ಕಟ್ಟಿ ಮುಗಿಸಿದಾಗ ಮಗಳು ಹುಟ್ಟಿದ ಸುದ್ದಿ ಬಂತಂತೆ. ಕಾಕಾ ಪೇಢೆ ತಂದು ಗೌಂಡಿಗೆ ಕೊಟ್ಟರು, ಗೌಂಡಿ ಮಟ್ಟದ ದಾರ ಬಿಚ್ಚಿಟ್ಟು ಪೇಢೆ ತಿಂದ, ಆ ದಿನ ಕೆಲಸ ಅಲ್ಲಿಗೇ ನಿಂತಿತು. ಮರುದಿನ ದಾರ ಕಟ್ಟುವಾಗ ಅರ್ಧ ಇಂಚು ಮೇಲಾಯಿತು. "ಬಿಡವ್ವ ಅದನ್ನ. ಆ ಅರ್ಧ ಇಂಚ ನಮ್ಮ ಹುಡಗೀದು."

ಇಪ್ಪತ್ತೊಂಬತ್ತನೆಯ ಸಾಲನ್ನು ದುರಸ್ತಿಯಿಂದ ತೆಗೆದು ಸೌಕರ್ಯಗಳು ಎಂಬ ಕಡೆಗೆ ಬರೆದೆ. ನಳ, ಮೀಟರು, ಮೆಟ್ಟಿಲು.

ತಿಂಗಳ ನಂತರ ಖರೀದಿ ಪತ್ರ ಅತ್ತೆಯ ಹೆಸರಿಗೆ ನೋಂದಣಿಯಾಯಿತು. ಮೂವತ್ತು ವರ್ಷ ಊರೂರ ರಿಜಿಸ್ಟರಿನಲ್ಲಿ ಬೇರೆಯವರ ಹೆಸರು ಬರೆದ ಕೈ, ತನ್ನ ಹೆಸರಿಗೆ ಬಂದಾಗ ಒಂದು ಅಕ್ಷರ ನಿಧಾನಿಸಿತು. ಹೊರಗೆ ಬಂದು ಎಲ್ಲರಿಗೂ ಪೇಢೆ ಹಂಚಿದಳು, ನೋಂದಣಿ ಕಚೇರಿಯ ಬಾಗಿಲಲ್ಲಿ ಚಪ್ಪಲಿ ಹೊಲಿಯುವವರಿಗೂ.

ಮರುದಿನ ಬೆಳಿಗ್ಗೆ, ಕಾರ್ಖಾನೆಗೆ ಹೋಗುವ ಮುನ್ನ, ಅತ್ತೆಯ ಕಿಟಕಿಗೆ ಪರದೆಯ ಅಳತೆ ತೆಗೆದುಕೊಳ್ಳಲು ಟೇಪು ಹಿಡಿದು ಆ ಮನೆಗೆ ಹೋದೆ. ಆ ತಿಂಗಳಲ್ಲಿ ಹತ್ತಾರು ಸಲ ಹತ್ತಿ ಇಳಿದಿದ್ದೆ. ಏನೋ ಯೋಚಿಸುತ್ತ ಹತ್ತಿದವಳು ನಾಲ್ಕನೆಯ ಮೆಟ್ಟಿಲ ಮೇಲೆ ತಟ್ಟನೆ ನಿಂತೆ. ಎಡವಿರಲಿಲ್ಲ. ಕಾಲು ತಾನಾಗಿಯೇ ಅರ್ಧ ಇಂಚು ಹೆಚ್ಚು ಎತ್ತಿಟ್ಟಿತ್ತು. ಕಾಶೀಬಾಯಿಯ ಬಾಗಿಲು ತೆರೆದಿತ್ತು. ಒಳಗಿನಿಂದ ಬಾಚಣಿಗೆ ಕೂದಲಲ್ಲಿ ಓಡುವ ಸದ್ದು, ಕೊಬ್ಬರಿ ಎಣ್ಣೆಯ ವಾಸನೆ. ನಾನು ಬಂದದ್ದು ಯಾರಿಗೂ ಗೊತ್ತಿರಲಿಲ್ಲ.

ಎರಡು ಮೆಟ್ಟಿಲು ಹಿಂದಕ್ಕೆ ಇಳಿದೆ. ಚಪ್ಪಲಿಯ ತುದಿಯನ್ನು ಮೂರನೆಯದಕ್ಕೆ ಚೆನ್ನಾಗಿ ಸದ್ದಾಗುವಂತೆ ತಾಗಿಸಿದೆ.

"ಯಾರೋ ಹೊಸಬರು ಬಂದಾರ ನೋಡ," ಎಂದಳು ಕಾಶೀಬಾಯಿ.

ಜಡೆ ಹೆಣೆದು ಮುಗಿಯುವಷ್ಟು ಹೊತ್ತು ಅಲ್ಲೇ ನಿಂತಿದ್ದು, ಆಮೇಲೆ ಹತ್ತಿದೆ.